ಗೋಡೆಗೆ ಬಳಿದ ಚಾ

"ಗೋಡೆಗೆ ಯಾಕಪ್ಪಾ ಚಾ ಕುಡಿಸ್ತಿದ್ದೀರಿ?"

ತಿರುಗಿ ನೋಡಿದರೆ, ಮನೆಯ ಯಜಮಾನರ ತಂದೆ, ವಯಸ್ಸಾದ ಅರಬ್ ಅಜ್ಜ. ಕೇಳಿದ್ದು ಹಿಂದಿಯಲ್ಲಿ, ಮುತ್ತು ಮಾರಲು ಬೊಂಬಾಯಿಗೆ ಹೋಗುತ್ತಿದ್ದಾಗ ಕಲಿತ ಹಿಂದಿ.

ತೊಂಬತ್ತರ ದಶಕದ ದೋಹಾ. ನಾನು ಆ ಕಟ್ಟಡದ ಸೂಪರ್‌ವೈಸರ್. ಅಜ್ಜನ ಮಗ ಫ್ರಾನ್ಸಿನಿಂದ ಮುನ್ನೂರು ವರ್ಷ ಹಳೆಯ ಪೇಟೆಮನೆಯೊಂದರ ಫೋಟೋ ತಂದು, "ಸೇಮ್ ಟು ಸೇಮ್ ಬೇಕು" ಅಂದಿದ್ದರು. ಹಿಮ ಜಾರಿ ಬೀಳಲೆಂದು ಕಡಿದಾದ ಮಾಡು, ಚಳಿ ಕಾಯಿಸಲು ಅಗ್ಗಿಷ್ಟಿಕೆ, ಎಲ್ಲವನ್ನೂ ಈ ಮರುಭೂಮಿಯಲ್ಲಿ ಕಟ್ಟಿದೆವು. ಹೊಗೆಗೂಡಿನೊಳಗೆ ಏಸಿ ಪೈಪು ಎಳೆದೆವು. ಬಾಕಿ ಉಳಿದದ್ದು ಆ ಮುನ್ನೂರು ವರ್ಷ ಮಾತ್ರ. ಅದಕ್ಕಾಗಿ ಡ್ರಮ್ಮಿನಲ್ಲಿ ಚಾ ಕುದಿಸಿ ಹೊಸ ಕಲ್ಲಿಗೆ ಬಳಿಯುತ್ತಿದ್ದೆವು.

"ಊರಲ್ಲಿ ಗೋಡೆಗೆ ಕಲೆ ಬಿದ್ರೆ ಬೈತಾರೆ ಸಾರ್, ಇಲ್ಲಿ ಸಂಬಳ ಕೊಡ್ತಾರೆ" ಎಂದು ಉಳ್ಳಾಲದ ಮೇಸ್ತ್ರಿ ನಗುತ್ತಿದ್ದರು.

"ಹಳೆಯದಾಗಿ ಕಾಣಲಿ ಅಂತ, ಬಾಬಾ" ಎಂದೆ.

ಅಜ್ಜ ಒದ್ದೆ ಗೋಡೆಯನ್ನು ಸವರಿ, ಬೆರಳು ಮೂಸಿ ನೋಡಿದರು. "ಹಳೇ ಮನೆಯೇ ಬೇಕಿದ್ರೆ ಇದೇ ಜಾಗದಲ್ಲಿ ನನ್ನಪ್ಪ ಕಟ್ಟಿದ ಮನೆ ಇತ್ತಲ್ಲ! ಅದನ್ನ ಯಾಕೆ ಕೆಡವಿದ್ರಿ?"

"ತೀರಾ ಹಳೆಯದು, ಕೆಡವಬಹುದು" ಎಂದು ಆ ಮನೆಗೆ ರಿಪೋರ್ಟ್ ಬರೆದವನು ನಾನೇ. ಚಾ ಒಣಗಿದ ಮರುವಾರ ಈ ಹೊಸ ಮನೆಗೂ ಬರೆದುಕೊಟ್ಟೆ: "ತಕ್ಕಷ್ಟು ಹಳೆಯದಾಗಿದೆ." ಎರಡರ ಕೆಳಗೂ ನನ್ನದೇ ಸಹಿ ಇದೆ.