ನಾಲ್ಕನೇ ಊರಿನ ಕಾಫಿ

ಕೋಲಾರದಲ್ಲಿ ನನ್ನ ಮುಂದೆ ಬಂದ ಮೊದಲ ಕಾಫಿಗೆ ಮನುಷ್ಯನ ರಕ್ತ ಬಿದ್ದಿತ್ತು. ಗದಗಿನಿಂದ ಬಂದಿಳಿದು, ಟೊಮೆಟೊ ಮಂಡಿ ಹತ್ತಿರದ ಹೋಟೆಲಿನಲ್ಲಿ ಟ್ರಂಕನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದೆ. ಪಕ್ಕದ ಮೇಜಿನಲ್ಲಿ ಇಬ್ಬರು ತೆಲುಗಿನಲ್ಲಿ ಏನೋ ಮಾತಾಡುತ್ತಿದ್ದರು. ನೋಡನೋಡುತ್ತಿದ್ದಂತೆ ಒಬ್ಬ ಸ್ಟೀಲ್ ಲೋಟ ಎತ್ತಿ ಇನ್ನೊಬ್ಬನ ಹುಬ್ಬಿಗೆ ಬಡಿದ. ಮೂರು ಹನಿ ನನ್ನ ಕಾಫಿಯ ನೊರೆಯ ಮೇಲೆ ಬಿದ್ದವು. ಯಜಮಾನ ಬಂದು ಲೋಟ ತೆಗೆದುಕೊಂಡು, "ಕೂರ್ಚೋಮ್ಮ, ಏಮೀ ಕಾಲೇದು" ಎಂದ. ಕೂತುಕೋ, ಏನೂ ಆಗಿಲ್ಲ ಎಂದು ಅರ್ಥ. ಏನೂ ಆಗದವನ ಹುಬ್ಬು ಬಾಯಿ ಬಿಟ್ಟಿತ್ತು. ನಾನು ಟವೆಲ್ ತೆಗೆದು ಒತ್ತಿ ಹಿಡಿದೆ. ಅಷ್ಟರಲ್ಲಿ ಹೊಸ ಕಾಫಿ ಬಂತು. ಏಟು ತಿಂದವನೇ ಹೇಳಿದ: "ಮೊದ್ಲು ಕುಡೀರಮ್ಮ, ಆರೋಗುತ್ತೆ."

ಕುಡಿದೆ. ಅಷ್ಟು ಒಳ್ಳೆಯ ಕಾಫಿ ಅದುವರೆಗೆ ಕುಡಿದಿರಲಿಲ್ಲ.

ನಾನು ನರ್ಸು. ಇಲ್ಲಿನ ಖಾಸಗಿ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಕೆಲಸ. ಹೊಡೆದಾಟದ ಗಾಯಗಳು ನಮ್ಮ ಕಡೆಯೂ ಬರುತ್ತವೆ, ಅದರಲ್ಲಿ ಊರು ಊರಿಗೆ ಭೇದವಿಲ್ಲ. ಭೇದವಿರುವುದು ಮಾತಿನಲ್ಲಿ. ನಮ್ಮಲ್ಲಿ ಹೊಡೆಯುವ ಮೊದಲು ಅರ್ಧ ತಾಸು ಬೈಯುತ್ತಾರೆ, ಬಿಡಿಸುವವರಿಗೆ ಬರಲು ಸಮಯ ಸಿಗುತ್ತದೆ. ಇಲ್ಲಿ ಎರಡು ಭಾಷೆಯಲ್ಲಿ ಎರಡೇ ಮಾತು, ಮೂರನೆಯದು ಕೈ. ನಾನು ಬಾಯಿ ಬಿಟ್ಟರೆ ಮಾತ್ರ ಎಲ್ಲರೂ ನಗುತ್ತಿದ್ದರು. "ಎಲ್ಲಿ ನೂಸಾಕತ್ತೈತ್ರಿ?" ಎಂದು ರೋಗಿಯೊಬ್ಬರನ್ನು ಕೇಳಿದ್ದಕ್ಕೆ, ಆ ಮುದುಕಪ್ಪ ನೋವು ಮರೆತು ನಕ್ಕುಬಿಟ್ಟರು. ಬಾಡಿಗೆ ಮನೆಯ ಯಜಮಾನಿ ಮೊದಲ ದಿನ ಮುದ್ದೆ ಕೊಟ್ಟರು. ರೊಟ್ಟಿ ಕಡಿದು ಬೆಳೆದ ಹಲ್ಲು, ನಾನು ಅಗಿದೆ. "ಅಯ್ಯೋ, ನುಂಗಬೇಕಮ್ಮ" ಎಂದರು. ಆಮೇಲೆ ಬಹಳ ದಿನ ನುಂಗುವುದೇ ಆಯಿತು, ಮುದ್ದೆಯನ್ನೂ, ಒಂಟಿತನವನ್ನೂ. ವಾರದ ದಿನ ಹೇಗೋ ಕಳೆಯುತ್ತಿತ್ತು. ಭಾನುವಾರ ಗೋಡೆ ನೋಡುತ್ತಾ ಅಳುತ್ತಿದ್ದೆ.

ಆ ಭಾನುವಾರಗಳನ್ನು ನನ್ನ ಕೈಯಿಂದ ಕಿತ್ತುಕೊಂಡವರು ಇಬ್ಬರು. ಒಬ್ಬಳು ನಾಗರತ್ನ, ನಮ್ಮ ಲ್ಯಾಬಿನವಳು, ಮುಳಬಾಗಿಲಿನವಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಜಗಳದಲ್ಲಿ ಎರಡೂ. ಇನ್ನೊಬ್ಬಳು ಮಂಜುಳ, ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಕೂರುವವಳು. ಸಣ್ಣವಳು, ಮಾತು ಕಡಿಮೆ, ಮುಂದಿನ ಹಲ್ಲೊಂದು ಅರ್ಧ ಮುರಿದಿದೆ. ಮುರಿದವನು ಗಂಡ. ಅವನನ್ನು ಬಿಟ್ಟು ಬಂದು ಮೂರು ವರ್ಷವಾಗಿದೆ, ಕೇಸು ನಡೆಯುತ್ತಿದೆ.

ಮೂವರೂ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಹೋಟೆಲಿಗೆ ಹೋಗಿ ಕಾಫಿ ಕುಡಿದು ಮಾರ್ಕ್ಸ್ ಹಾಕುತ್ತಿದ್ದೆವು. ದೊಡ್ಡ ಬೋರ್ಡಿನ ಅಂಗಡಿಗಳು ನಮಗೆ ಬೇಡ. ಮಾಲೀಕನೇ ಡಿಕಾಕ್ಷನ್ ಇಳಿಸುವ, ಹಿತ್ತಾಳೆ ಫಿಲ್ಟರ್ ಇರುವ ಸಣ್ಣ ಹೋಟೆಲುಗಳು ಮಾತ್ರ. ಎರಡು ಕಾಫಿ ತರಿಸಿ ಮೂವರು ಹಂಚಿಕೊಳ್ಳುವುದು, ಇಲ್ಲಿ ಅದಕ್ಕೆ ಟೂ ಬೈ ತ್ರೀ ಎನ್ನುತ್ತಾರೆ. ಡಿಕಾಕ್ಷನ್ನಿಗೆ, ಹಾಲಿಗೆ, ಬಿಸಿಗೆ ಇಷ್ಟಿಷ್ಟು ಎಂದು ಹತ್ತಕ್ಕೆ ಲೆಕ್ಕ, ನನ್ನ ನೋಟ್‌ಬುಕ್ಕಿನಲ್ಲಿ. ನಾಗರತ್ನ ಇನ್ನೊಂದು ಸೇರಿಸಿದಳು: ಕೂತ ಗಂಡಸರ ನೋಟ. ಮೂರು ಹೆಂಗಸರು ಬೆಂಚಿನ ಮೇಲೆ ಕಾಲು ಚಾಚಿ ಕೂತರೆ ಕೆಲವರಿಗೆ ಅವರ ಇಡ್ಲಿ ಗಂಟಲಲ್ಲಿ ಇಳಿಯುವುದಿಲ್ಲ. ಮಾಲೂರಿನಲ್ಲಿ ಒಬ್ಬ, "ಮನೇಲಿ ಒಲೆ ಇಲ್ವಾ ಇವಕ್ಕೆ?" ಎಂದ. ನಾಗರತ್ನ ಎದ್ದು ಹೋಗಿ ಅವನ ತಟ್ಟೆಗೆ ಒಂದು ಲೋಟ ನೀರು ಸುರಿದು ಬಂದಳು. ಆ ಹೋಟೆಲಿಗೆ ಕಾಫಿಗೆ ಎಂಟು, ನೋಟಕ್ಕೆ ಸೊನ್ನೆ.

ಕೋಲಾರ ಮುಗಿಯಿತು, ಮಾಲೂರು ಮುಗಿಯಿತು, ಮುಳಬಾಗಿಲು ಮುಗಿಯಿತು. ನೋಟ್‌ಬುಕ್ಕಿನಲ್ಲಿ ಶ್ರೀನಿವಾಸಪುರದ ಹಾಳೆ ಮಾತ್ರ ಖಾಲಿ ಉಳಿಯಿತು. ಕೋಲಾರದಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಮಂಜುಳಳ ಗಂಡ ಅಲ್ಲೇ ಇರುತ್ತಾನೆ.

"ಅವನೂರಿಗೆ ಯಾಕ ಹೋಗೂದು ಬಿಡು" ಎಂದೆ ಒಮ್ಮೆ.

ಮಂಜುಳ ತಲೆ ಎತ್ತಿದಳು. "ಅದು ಅವನೂರಲ್ಲ ಕಣಕ್ಕಾ, ನನ್ನೂರು. ಅವನು ಮದುವೆಯಾಗಿ ನಮ್ಮ ಮನೆಗೆ ಬಂದೋನು. ಬಸ್ ಸ್ಟ್ಯಾಂಡ್ ಹಿಂದೆ ಯಶೋದಮ್ಮನ ಹೋಟ್ಲಿದೆ. ಎಸ್ಸೆಲ್ಸಿ ಪಾಸಾದಾಗ ನಮ್ಮಪ್ಪ ಅಲ್ಲೇ ಕಾಫಿ ಕುಡಿಸಿದ್ದು. ಒಂದ್ಸಲ ಅಲ್ಲಿ ಕೂತು ಒಂದು ಲೋಟ ಪೂರ್ತಿ ಕುಡೀಬೇಕು ನಾನು, ಅಷ್ಟೇ."

ನನಗೆ ನಾಚಿಕೆಯಾಯಿತು. ನನ್ನೂರು ಒಂದು ಹಗಲಿನ ದಾರಿ ದೂರ, ಬೇಕೆಂದಾಗ ಹೋಗುತ್ತೇನೆ. ಅವಳ ಊರು ಒಂದು ತಾಸು ದೂರ, ಮೂರು ವರ್ಷದಿಂದ ಕಾಲಿಡಲಾಗಿಲ್ಲ. ವಲಸೆ ಬಂದವಳು ನಾನೋ ಅವಳೋ ಎಂದು ಅವತ್ತು ಮೊದಲ ಬಾರಿ ಅನುಮಾನ ಬಂತು.

ಹೋಗೋಣ ಎಂದು ನಿಶ್ಚಯಿಸಿದೆವು. ಕೆಟ್ಟದ್ದು ಮಾಡಿದವಳು ನಾನು. ಪ್ರತಿ ವಾರ ಲೋಟಗಳ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದು ನನ್ನ ರೂಢಿ. ಶನಿವಾರ ಖುಷಿಯಲ್ಲಿ "ನಾಳೆ ಶ್ರೀನಿವಾಸಪುರ, ಯಶೋದಮ್ಮನ ಹೋಟೆಲ್" ಎಂದು ಬರೆದೆ. ಡ್ರೆಸಿಂಗಿಗೆ ಬಂದವರ ಮನೆಯವರೆಲ್ಲ ನನ್ನ ನಂಬರ್ ಇಟ್ಟುಕೊಂಡಿರುತ್ತಾರೆ, ನಾನೂ ಅವರದು. ಅವರಲ್ಲೊಬ್ಬ ಮಂಜುಳಳ ಗಂಡನ ಚಿಕ್ಕಪ್ಪನ ಮಗ. ಹೊರಗಿನಿಂದ ಬಂದವಳಿಗೆ ಯಾರು ಯಾರ ನೆಂಟರು ಎಂದು ಹೇಗೆ ತಿಳಿಯಬೇಕು? ನಾಗರತ್ನಳಿಗೆ ತಿಳಿಯುತ್ತಿತ್ತು. ನಾನು ಕೇಳಲಿಲ್ಲ.

ಯಶೋದಮ್ಮ ಮಂಜುಳಳ ಗುರುತು ಹಿಡಿದರು. ಬೆಂಚು ಒರೆಸಿ ಕೂರಿಸಿದರು. ಕಾಫಿ ಬಂತು. ಮಂಜುಳ ಲೋಟ ತುಟಿಗೆ ಮುಟ್ಟಿಸಿದ್ದಳು, ಹೊರಗೆ ಬೈಕ್ ನಿಂತಿತು. ಅವನು ಒಳಗೆ ಬಂದವನೇ ಅವಳ ಜಡೆ ಹಿಡಿದು ಹಣೆಯನ್ನು ಮೇಜಿಗೆ ಬಡಿದ. ಒಂದು ಸಲವಲ್ಲ, ಮೂರು ಸಲ. ಲೋಟ ಉರುಳಿತು, ಕಾಫಿಯ ಜೊತೆ ರಕ್ತವೂ ಹರಿಯಿತು. ನಾಗರತ್ನ ಅವನ ಬೆನ್ನಿಗೆ ಬ್ಯಾಗಿನಲ್ಲಿ ಬಡಿಯುತ್ತಿದ್ದಳು. ನಾನು ಜಡೆ ಬಿಡಿಸಲು ಹೋದೆ. ಅವನು ಮೇಜಿನ ಮೇಲಿದ್ದ ನೀರಿನ ಜಗ್ಗು ಎತ್ತಿ ನನ್ನ ಬಲಗೈ ಮಣಿಕಟ್ಟಿಗೆ ಹೊಡೆದ. ಮೂಳೆ ಮುರಿದ ಸದ್ದು ನನಗೆ ಚೆನ್ನಾಗಿ ಗೊತ್ತು, ಆಗಲೂ ಗೊತ್ತಾಯಿತು.

ಹೋಟೆಲಿನಲ್ಲಿ ಏಳೆಂಟು ಗಂಡಸರಿದ್ದರು. ಒಬ್ಬ ದೋಸೆ ಮುರಿಯುತ್ತಾ, "ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ. ನಿಮಗ್ಯಾಕಮ್ಮ ಊರ ಉಸಾಬರಿ?" ಎಂದ.

ಆ ಗಾದೆ ನಮ್ಮ ಕಡೆಯೂ ಇದೆ. ನನ್ನ ಅಕ್ಕನಿಗೂ ಅದನ್ನೇ ಹೇಳಿ ಗಂಡನ ಮನೆಗೆ ವಾಪಸು ಕಳಿಸುತ್ತಿದ್ದರು. ಕೌಂಟರಿನ ಪಕ್ಕದಲ್ಲಿ ಲೋಟ ಅದ್ದಿ ತೊಳೆಯುವ ಕುದಿನೀರಿನ ಪಾತ್ರೆ ಇತ್ತು, ಅದರಲ್ಲೊಂದು ಚೊಂಬು. ಎಡಗೈಯಲ್ಲಿ ತುಂಬಿಕೊಂಡು ಬಂದು, ಜಡೆ ಹಿಡಿದಿದ್ದ ಅವನ ಕೈ ಮೇಲೆ ನಿಧಾನವಾಗಿ ಸುರಿದೆ. ಸುಟ್ಟ ಗಾಯಕ್ಕೆ ಹನ್ನೊಂದು ವರ್ಷ ಔಷಧಿ ಹಚ್ಚಿದವಳು ನಾನು, ಎಲ್ಲಿ ಎಷ್ಟು ಸುರಿದರೆ ಏನಾಗುತ್ತದೆಂದು ತಿಳಿದೇ ಸುರಿದೆ. ಜಡೆ ಬಿಟ್ಟಿತು. ಅವನು ಕಿರುಚಿದ. ಮರುಕ್ಷಣವೇ ನನ್ನ ಬಾಯಿ ತನ್ನಷ್ಟಕ್ಕೆ ಒದರಿತು: "ನಳದ ಬುಡಕ ಹಿಡೀರಿ ಆ ಕೈ, ತಣ್ಣೀರು ಬಿಡ್ರಿ, ಬ್ಯಾರೆ ಏನೂ ಹಚ್ಚಬ್ಯಾಡ್ರಿ." ಅವನನ್ನು ನಲ್ಲಿಗೆ ಎಳೆದುಕೊಂಡು ಹೋದವರು ಯಶೋದಮ್ಮ.

ಪೊಲೀಸರ ಮುಂದೆ ನಾಗರತ್ನ ನನ್ನ ಕಿವಿಯಲ್ಲಿ, "ಚೊಂಬು ಕೈ ಜಾರ್ತು ಅಂತ ಬರೆಸು ಕಣೇ" ಎಂದಳು. "ಜಾರಿಲ್ಲ. ಸುರುವಿದಾಕಿ ನಾನ" ಎಂದೆ. ಹಾಗೇ ಬರೆದುಕೊಂಡರು. ಈಗ ಅವನ ಮೇಲೊಂದು ಕೇಸು, ನನ್ನ ಮೇಲೊಂದು. ಮಂಜುಳಳ ಹಣೆಗೆ ಆರು ಹೊಲಿಗೆ. ನನ್ನ ಕೈಗೆ ಪ್ಲಾಸ್ಟರ್. ಆಸ್ಪತ್ರೆಯವರು ಸ್ವಲ್ಪ ದಿನ ರಜೆಯ ಮೇಲೆ ಹೋಗಿ ಬನ್ನಿ ಎಂದರು.

ಗದಗಿನ ಬಸ್ ಹತ್ತುವಾಗ ಮಂಜುಳಳಿಗೆ ಎಲ್ಲ ಹೇಳಿದೆ, ಸ್ಟೇಟಸ್ ಹಾಕಿದ್ದು ನಾನೇ, ನನ್ನಿಂದಲೇ ಆದದ್ದು ಎಂದು. ಅವಳು ನನ್ನ ಟ್ರಂಕನ್ನು ಮೇಲೆತ್ತಿ ಕೊಟ್ಟು, "ಕಾಫಿ ಚೆಲ್ಲೋಯ್ತಲ್ಲಕ್ಕಾ" ಎಂದಳು. ಅಷ್ಟೇ ಅಂದಿದ್ದು.

ಗದಗಿನಲ್ಲಿ ಎಲ್ಲರೂ ಚೆನ್ನಾಗಿ ನೋಡಿಕೊಂಡರು. ಅಣ್ಣ ಮಾತ್ರ ಬಂದ ದಿನವೇ, "ಸಾಕಿನ್ನ ಆ ಊರ ಸವಾಸ. ಇಲ್ಲೇ ದವಾಖಾನಿ ನೋಡೂಣು" ಎಂದ. ನಾನೂ ಹೂಂ ಅಂದಿದ್ದೆ. ಸುಳ್ಳೇಕೆ, ನನಗೆ ಹೆದರಿಕೆಯಾಗಿತ್ತು. ಮಂಜುಳಳ ಗಂಡನ ಹೆದರಿಕೆಗಿಂತ ಹೆಚ್ಚಾಗಿ, ಅಷ್ಟು ನಿಧಾನವಾಗಿ ಸುರಿದ ನನ್ನ ಎಡಗೈಯ ಹೆದರಿಕೆ.

ಮೂರನೇ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅವ್ವ ಚಹಾ ಸೋಸುತ್ತಿದ್ದಳು. ಫೋನ್ ಬಂತು. ಮಂಜುಳ.

"ಅಕ್ಕಾ, ಯಶೋದಮ್ಮನ ಹೋಟ್ಲಲ್ಲಿದ್ದೀನಿ."

"ಯಾರ ಜೋಡಿ?"

"ಒಬ್ಳೇ. ನಾಗಕ್ಕಂಗೂ ಹೇಳಿಲ್ಲ. ಅವನು ಎದುರಿನ ಅಂಗಡಿ ಹತ್ರ ನಿಂತವನೆ, ಕೈಗೆ ಬ್ಯಾಂಡೇಜು. ಯಶೋದಮ್ಮ ನನ್ನ ಪಕ್ಕ ಬಂದು ಕೂತ್ರು. ಒಳಕ್ಕೆ ಬರಲಿಲ್ಲ ಅವನು."

"ಕುಡದೇನ?"

"ಪೂರ್ತಿ ಕುಡಿದೆ ಕಣಕ್ಕಾ. ಬುಕ್ ತೆಗಿ, ನಾಲ್ಕು ಹಾಕು."

"ನಾಕ?"

"ಡಿಕಾಕ್ಷನ್ ನೀರು, ಹಾಲು ಸೀದೋಗಿದೆ. ಅಪ್ಪ ಕುಡಿಸಿದ್ದು ಅಂತ ಸುಮ್ನೆ ಮಾರ್ಕ್ಸ್ ಕೊಡೋಕಾಗುತ್ತಾ?"

ಅತ್ತ ಯಶೋದಮ್ಮ ಬೈಯುವುದು ಕೇಳಿಸಿತು, ಮಂಜುಳ ನಗುವುದೂ ಕೇಳಿಸಿತು. ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಟ್ರಂಕಿನಿಂದ ನೋಟ್‌ಬುಕ್ ತೆಗೆದು, ಖಾಲಿ ಹಾಳೆಯಲ್ಲಿ ಎಡಗೈಯಿಂದ ಸೊಟ್ಟಸೊಟ್ಟಗೆ ನಾಲ್ಕು ಬರೆದೆ. ನಾನು ಅಲ್ಲಿ ಅವಳ ಪಕ್ಕ ಕೂತಿರಬೇಕಿತ್ತು ಅನ್ನಿಸಿ ಅಳು ಬಂತು.

"ಯಾರದ ಫೋನು?" ಅವ್ವ ಚಹಾದ ಕಪ್ಪು ಮುಂದಿಟ್ಟು ಕೇಳಿದಳು.

"ಊರಿಂದ" ಎಂದೆ.

ಅವ್ವ ಸೋಸಣಿಗೆ ಕೆಳಗಿಟ್ಟಳು. "ಹಂಗಾರ ಇದು ಯಾವ ಊರವ್ವಾ?" ಎಂದಳು.