ಅತ್ತರ್ ಚಾಚಾನ ಮೂಗು

ಕೋಠಿ ಬಜಾರಿನಲ್ಲಿ ನನ್ನ ಮೊಬೈಲ್ ಕವರಿನ ಅಂಗಡಿಗೆ ಅಂಟಿಕೊಂಡೇ ಬೀದರ್ ಕಡೆಯ ಅತ್ತರ್ ಚಾಚಾನ ಅಂಗಡಿಯಿತ್ತು. ಗಾಜಿನ ಕಡ್ಡಿಯಿಂದ ಗಿರಾಕಿಯ ಮಣಿಕಟ್ಟಿಗೆ ಒಂದು ಹನಿ ಎಳೆದು, “ಉಜ್ಜಬ್ಯಾಡ್ರಿ, ತಡೀರಿ” ಎಂದು ಹುಬ್ಬೇರಿಸುತ್ತಿದ್ದರು. ನಾನು ಅದನ್ನು ದಿನಾ ಅಣಕಿಸುತ್ತಿದ್ದೆ. ನನ್ನ ಕವರುಗಳಿಗಿಂತ ಆ ಅಣಕಕ್ಕೇ ಜನ ಹೆಚ್ಚು ಸೇರುತ್ತಿದ್ದರು.

ಒಂದು ಜ್ವರದಲ್ಲಿ ಚಾಚಾಗೆ ವಾಸನೆ ಹತ್ತುವುದೇ ನಿಂತುಹೋಯಿತು. ನನಗೊಬ್ಬನಿಗೇ ಹೇಳಿದ್ದರು. ಗಿರಾಕಿಗಳಿಗೆ ತಿಳಿದರೆ ಅಂಗಡಿ ಮುಚ್ಚಬೇಕಾಗುತ್ತಿತ್ತು. ಅಷ್ಟರಲ್ಲೇ ಪಚೋಲಿ ಎಣ್ಣೆಯ ವ್ಯಾಪಾರಿ ಬಂದ. ಪಚೋಲಿ ತುಳಸಿಯ ಬಳಗದ ಗಿಡ. ಒಣಗಿದ ಎಲೆಯನ್ನು ಬಟ್ಟಿ ಇಳಿಸಿ ಎಣ್ಣೆ ತೆಗೆಯುತ್ತಾರೆ. ಕಲಬೆರಕೆಯಾದರೆ ಘಮ ಬೇಗ ಹಾರಿಹೋಗುತ್ತದೆ, ಅಸಲಿಯಾದರೆ ಹೊತ್ತು ಕಳೆದಂತೆ ಅರಳುತ್ತದೆ.

ಚಾಚಾ ಸೀಸೆಯನ್ನು ಗಂಭೀರವಾಗಿ ಮೂಸಿದಂತೆ ಮಾಡಿದರು. ಆಮೇಲೆ ನನ್ನ ಮಣಿಕಟ್ಟಿಗೆ ಹಚ್ಚಿ ಮೆಲ್ಲಗೆ, “ಇವತ್ತೊಂದಿನ ನಿನ್ನ ಸ್ವಂತ ಮಾರಿ ತೋರ್ಸಪಾ” ಎಂದರು. ದಿನಾ ಅವರದನ್ನೇ ಹಾಕಿಕೊಂಡು ನನ್ನ ಮುಖ ಎಲ್ಲಿಟ್ಟಿದ್ದೆನೋ ನನಗೇ ನೆನಪಿರಲಿಲ್ಲ.

ಮೂಸಿದೆ. ಹಸಿ ಗೋಣಿಚೀಲದ ವಾಸನೆ. ಮೂಗು ತಾನಾಗಿಯೇ ಸೊಟ್ಟಗಾಯಿತು. ವ್ಯಾಪಾರಿ ಗಾಬರಿಯಾದ. ಚಾಚಾ ಮಾತ್ರ, “ಛಾ ಕುಡೀರಿ, ಪಚೋಲಿಗೆ ಏನ್ ಅವಸರೈತಿ?” ಎಂದು ನನ್ನ ಮುಖವನ್ನೇ ನೋಡುತ್ತ ಕೂತರು. ಎರಡನೇ ಛಾ ಮುಗಿಯುವಷ್ಟರಲ್ಲಿ ಗೋಣಿಚೀಲ ಹೋಗಿ, ಹಳೇ ಗಂಧದ ಪೆಟ್ಟಿಗೆ ತೆರೆದಂಥ ಸಿಹಿ ಘಮ ಬಂತು. ಚಾಚಾ ನಕ್ಕಾಗಲೇ ನಾನು ಮುಗುಳ್ನಗುತ್ತಿದ್ದೇನೆಂದು ನನಗೆ ಗೊತ್ತಾದದ್ದು.

“ನಾಕು ಸೀಸೆ ಇಳಸ್ರಿ,” ಎಂದರು.

“ನಿಮ್ಮ ಮೂಗಂದ್ರ ಮೂಗು ನೋಡ್ರಿ, ಚಾಚಾ,” ಅಂದ ವ್ಯಾಪಾರಿ.

“ಬಾಡಿಗಿ ಮೂಗೈತ್ರಿ,” ಅಂದರು ಚಾಚಾ. ತಮಾಷೆಯೆಂದುಕೊಂಡು ವ್ಯಾಪಾರಿ ಹೊಟ್ಟೆ ಹಿಡಿದು ನಕ್ಕ.