ಮುಚ್ಚಿ ಎಸೆದ ಎರಡು ಎಲೆ

ಪೀಣ್ಯದ ಆ ಷೆಡ್ಡಿನಲ್ಲಿ ನಾವಿಬ್ಬರು ಲೇತ್ ಆಪರೇಟರುಗಳು, ಇಬ್ಬರೂ ಟೆಂಪರರಿ. ನಾನು ತುಮಕೂರು ಕಡೆಯಿಂದ ಬಂದು ರೂಮು ಮಾಡಿಕೊಂಡಿದ್ದವನು. ಅವನು ಅಲ್ಲಿಯವನೇ. ಷೆಡ್ಡು ನಿಂತಿದ್ದ ಜಾಗ ಒಂದು ಕಾಲಕ್ಕೆ ಅವರ ಮನೆಯ ರಾಗಿ ಹೊಲ. ನನಗಿಂತ ಎರಡು ವರ್ಷ ಚಿಕ್ಕವನು, ಅಣ್ಣ ಅನ್ನುತ್ತಿದ್ದ. “ನಮ್ ಒಲದಾಗೇ ನಾನು ಟೆಂಪರ್ವರಿ ಕಣಣ್ಣ” ಎಂದು ನಗುತ್ತಿದ್ದ. ಆ ನಗು ಕೇಳಲು ನನಗೆ ಇಷ್ಟವಿರಲಿಲ್ಲ.

ನಮ್ಮ ಫೋರ್‌ಮನ್ ವೈಟ್‌ಫೀಲ್ಡಿನ ಆಂಗ್ಲೋ ಇಂಡಿಯನ್. ಅಷ್ಟು ದೂರದಿಂದ ಬಸ್ಸು ಬದಲಿಸಿಕೊಂಡು ಬಂದರೂ ನಮಗಿಂತ ಮೊದಲು ಗೇಟಿನಲ್ಲಿ ಹಾಜರು. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಭಾವಮೈದುನ ಅಮೆರಿಕದ ಇಸ್ಪೀಟಾಟವೊಂದನ್ನು ಕಲಿತು ಬಂದಿದ್ದನಂತೆ. ಅದನ್ನು ಅವರು ಊಟದ ಬಿಡುವಿನಲ್ಲಿ ಟೂಲ್ ಪೆಟ್ಟಿಗೆಯ ಮೇಲೆ ನಮಗೆ ಕಲಿಸಿದರು. ದುಡ್ಡಿನ ಬದಲು ವಾಷರುಗಳು. ಒಬ್ಬೊಬ್ಬರಿಗೆ ಎರಡೆರಡು ಎಲೆ ಮುಚ್ಚಿ ಕೊಡುವುದು, ನಡುವೆ ಎಲ್ಲರಿಗೂ ಸೇರಿ ಐದು ಎಲೆ ಬಿಚ್ಚುವುದು. ಆ ಏಳರಲ್ಲಿ ಯಾರ ಐದು ಎಲೆ ದೊಡ್ಡದೋ ಅವರು ಗೆದ್ದರು.

ನಾವು ಮೂರೆಲೆ ಆಡಿ ಬೆಳೆದವರು. ಮೂರೆಲೆಯಲ್ಲಿ ಮೂರೂ ಒಂದೇ ಅಂಕಿ ಬಂದರೆ ಅದಕ್ಕಿಂತ ಮೇಲೆ ಇನ್ನೊಂದಿಲ್ಲ. ಇಲ್ಲಿ ಹಾಗಲ್ಲ, ಐದೂ ಒಂದೇ ಜಾತಿಯ ಎಲೆ ಬಂದರೆ ಅದು ಕಲರ್, ಅದು ಮೂರು ಒಂದೇ ಅಂಕಿಯನ್ನು ಹೊಡೆಯುತ್ತದೆ ಎಂದು ಫೋರ್‌ಮನ್ ತಿಂಗಳುಗಟ್ಟಲೆ ನಮ್ಮ ತಲೆಗೆ ತುಂಬಿದರು. ಮೂರರ ಜೊತೆ ಇನ್ನೊಂದು ಜೋಡಿ ಸೇರಿದರೆ ಫುಲ್ ಹೌಸ್, ಅದು ಕಲರನ್ನೂ ಹೊಡೆಯುತ್ತದೆ ಎಂದೂ ಹೇಳಿದ್ದರು. ಅದು ಅಪರೂಪಕ್ಕೆ ಬರುತ್ತಿದ್ದದ್ದು. ನಾವು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ನನಗೆ ಎಕ್ಕದ ಹುಚ್ಚು. ಎಕ್ಕದ ಜೊತೆ ಅದೇ ಜಾತಿಯ ಚಿಲ್ಲರೆ ಎಲೆಯೊಂದು ಬಂದರೆ ಸಾಕು, ಕೈ ತಾನಾಗಿ ವಾಷರಿನ ಕಡೆ ಓಡುತ್ತಿತ್ತು. ಫೋರ್‌ಮನ್ ಬೈಯುತ್ತಿದ್ದರು: “ಏಯ್ ಮ್ಯಾನ್, ಎರಡೆಲೆಗೇ ಕಲರ್ ಆಗೋಯ್ತಾ? ಇನ್ನೂ ಮೂರು ಬರ್ಬೇಕು. ಕಮ್ಮಿ ವಾಷರಿಗೆ ನೋಡು, ಬರ್ದಿದ್ರೆ ಬಿಟ್ಬಿಡು. ಬಂದ್ರೂ ನಡುವೆ ಜೋಡಿ ಬಿದ್ದಿದ್ಯಾ ನೋಡು. ಬಿದ್ದಿದ್ರೆ ಹೆದ್ರು.” ನಾನು ತಲೆಯಾಡಿಸಿ, ಮರುದಿನ ಮತ್ತೆ ಎಲ್ಲ ವಾಷರು ಕಳೆದುಕೊಳ್ಳುತ್ತಿದ್ದೆ.

ಹೀಗಿರುವಾಗ ನಮ್ಮ ಸೆಟ್ಟರ್ ಕೆಲಸ ಬಿಟ್ಟ. ಮೆಷಿನ್ ಸೆಟ್ ಮಾಡಿಕೊಡುವ ಆ ಜಾಗಕ್ಕೆ ಬಂದವನು ಪರ್ಮನೆಂಟ್. ಓನರ್ ಒಂದು ಹೆಸರು ಹೇಳಿ ಎಂದರಂತೆ. ಫೋರ್‌ಮನ್ ನಮ್ಮಿಬ್ಬರನ್ನೂ ಕರೆದು, ಕೆಲಸದಲ್ಲಿ ಇಬ್ಬರೂ ಒಂದೇ, ನಾನು ಒಬ್ಬನನ್ನು ಆರಿಸಿದರೆ ಇನ್ನೊಬ್ಬನ ಮುಖ ನೋಡಲಾರೆ ಎಂದರು. ಎಲೆಯಲ್ಲೇ ತೀರಿಸಿಕೊಳ್ಳೋಣ ಎಂದವನು ನಾನು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ಅವನೂ ಒಪ್ಪಿದ.

ಶನಿವಾರ ಮಧ್ಯಾಹ್ನ ಮೂವರೇ ಕೂತೆವು. ಇಬ್ಬರಿಗೂ ಸಮ ವಾಷರು, ಎಲ್ಲವನ್ನೂ ಗೆದ್ದವನಿಗೆ ಸೆಟ್ಟರ್ ಕೆಲಸ, ಫೋರ್‌ಮನ್ ಎಲೆ ಹಾಕುವವರು. ನಾಲ್ಕಾರು ಆಟ ಆದಮೇಲೆ ನನಗೆ ಆಟೀನು ಎಕ್ಕ, ಆಟೀನು ಐದು. ನಡುವೆ ಆಟೀನು ರಾಜ, ಆಟೀನು ಒಂಬತ್ತು, ಕಳಾವರ್ ನಾಲ್ಕು ಬಿದ್ದವು. ಆಮೇಲೆ ಡೈಮನ್ ನಾಲ್ಕು. ಕೊನೆಗೆ ಆಟೀನು ಏಳು. ಇದ್ದಬದ್ದ ವಾಷರನ್ನೆಲ್ಲ ತಳ್ಳಿದೆ. ಅವನೂ ತಳ್ಳಿದ. ಎಕ್ಕದ ಕಲರ್ ಬಿಚ್ಚಿ ತೋರಿಸಿದೆ. ಅವನು ನನ್ನ ಎಲೆ ನೋಡಿದ, ತನ್ನದನ್ನು ನೋಡಿದ, ತನ್ನೆರಡನ್ನೂ ಮುಚ್ಚಿ ಎಸೆದು ನಲ್ಲಿಯ ಕಡೆ ಎದ್ದು ಹೋದ. ಫೋರ್‌ಮನ್ ನನ್ನ ಬೆನ್ನು ತಟ್ಟಿ ಓನರ್ ಕ್ಯಾಬಿನ್ನಿಗೆ ನಡೆದರು.

ಮುಚ್ಚಿ ಎಸೆದ ಎಲೆಯನ್ನು ಯಾರೂ ತಿರುವಿ ನೋಡಬಾರದು. ಮೂರೆಲೆ ಆಡುವ ಯಾವ ಜಗಲಿಯಲ್ಲೂ ಅದೇ ಕಟ್ಟಳೆ. ಕಟ್ಟನ್ನು ಒಟ್ಟುಮಾಡುತ್ತಾ ನಾನು ತಿರುವಿ ನೋಡಿದೆ. ಇಸ್ಪೀಟು ಒಂಬತ್ತು, ಕಳಾವರ್ ಒಂಬತ್ತು. ನಡುವಿನದೂ ಸೇರಿ ಮೂರು ಒಂಬತ್ತು, ಜೊತೆಗೆ ನಡುವೆಯೇ ಬಿದ್ದಿದ್ದ ನಾಲ್ಕರ ಜೋಡಿ. ಫುಲ್ ಹೌಸ್. ಗೆದ್ದವನು ಅವನು. ಮೂರೆಲೆ ಆಡಿದವನ ಕಣ್ಣು ಮೂರಕ್ಕೇ ನಿಂತಿತ್ತು. ಮೂರನ್ನು ಕಲರ್ ಹೊಡೆಯುತ್ತದೆ ಎಂದು ಕಲಿತದ್ದನ್ನು ನೆಚ್ಚಿ ಎಸೆದುಬಿಟ್ಟಿದ್ದ.

ಕರೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಓನರ್ ಹೊರಗೆ ಬಂದು ಕೈ ಕುಲುಕಿದರು. ತೆರೆದ ಬಾಯಲ್ಲಿ ಥ್ಯಾಂಕ್ಸ್ ಸಾರ್ ಅಂದೆ. ಎರಡು ಒಂಬತ್ತನ್ನು ಕಟ್ಟಿನೊಳಗೆ ಸೇರಿಸಿ ಕಲಸಿದೆ. ಅದನ್ನು ಮಾಡಿದ ಬೆರಳುಗಳು ನನ್ನವೇ ಎಂದರೆ ಇಂದಿಗೂ ನಂಬಲಾಗುವುದಿಲ್ಲ.

ಆರು ವರ್ಷ ಅವನು ಟೆಂಪರರಿಯಾಗಿಯೇ ನನ್ನ ಕೈಕೆಳಗೆ ದುಡಿದ. ಆಗಾಗ ಕೆಲಸದಿಂದ ತೆಗೆಯುತ್ತಿದ್ದರು, ಮತ್ತೆ ಕರೆಯುತ್ತಿದ್ದರು. ಯುಗಾದಿಗೆ ಮನೆಯಿಂದ ಒಬ್ಬಟ್ಟು ತಂದು ಮೊದಲು ನನ್ನ ಡಬ್ಬಿಗೆ ಹಾಕುತ್ತಿದ್ದ. ನಾನು ಅವನ ಕೆಲಸವನ್ನು ಬೇಕಾದ್ದಕ್ಕಿಂತ ಜಾಸ್ತಿ ಹೊಗಳುತ್ತಿದ್ದೆ. ಹೇಳಬೇಕಾದ್ದನ್ನು ಮಾತ್ರ ಹೇಳಲಿಲ್ಲ.

ಕೊನೆಗೆ ಅವರ ಹೊಲದಲ್ಲಿ ಉಳಿದಿದ್ದ ತುಂಡು ಜಾಗದಲ್ಲಿ ಸ್ವಂತಕ್ಕೆ ಒಂದು ಹಳೆಯ ಲೇತ್ ಹಾಕಿಕೊಳ್ಳುತ್ತೇನೆಂದು ಕೆಲಸ ಬಿಟ್ಟ. ಕೊನೆಯ ದಿನ ಸೈರನ್ ಆದಮೇಲೆ ಗೇಟಿನವರೆಗೂ ಜೊತೆಗೆ ಹೋದೆ. ಒಳ್ಳೇದಾಗಲಿ ಅಂದೆ. ಅಷ್ಟೇ ಬಾಯಿಗೆ ಬಂದದ್ದು.

“ಅವತ್ತು ನಲ್ಲಿ ತಾವ ಕೈ ತೊಳೀತಾ ಇದ್ದಾಗ ನೆಪ್ಪಾಯ್ತು ಕಣಣ್ಣ, ನಡುವೆ ನಾಕ್ರ ಜೋಡಿ ಬಿದ್ದಿತ್ತು ಅಂತ” ಎಂದ, ಸೈಕಲ್ಲಿನ ಬೀಗ ತೆಗೆಯುತ್ತಾ. “ತಿರುಗಿ ನೋಡಿದ್ರೆ ನೀನು ನನ್ ಎಲೆ ನೋಡ್ತಿದ್ದೆ.”

ಯಾಕೆ ಹೇಳಲಿಲ್ಲ ಎಂದು ಹೇಗೋ ಕೇಳಿದೆ.

“ಎಸೆದ ಎಲೆ ನಂದು ಅಂತ ಕೇಳಂಗಿಲ್ವಲ್ಲ. ನೋಡ್ದೋನು ನೀನು. ನೀನೇ ಏಳ್ತೀಯ ಅಂತ ಕಾಯ್ತಿದ್ದೆ.”

“ಎಷ್ಟು ದಿನ ಕಾದೆ?”

ಸೈಕಲ್ ಹತ್ತಿ ಒಂದು ಕಾಲು ನೆಲಕ್ಕೆ ಊರಿ ನಿಂತ.

“ಈಗ ಸೈರನ್ ಆಗೋ ಗಂಟ” ಎಂದ.